ಉಪ್ಪುನೀರಿನ ಟ್ಯಾಂಕ್: ಮೀಟರ್ 35 ತೋರಿಸಿದರೆ ಸಾಕಾ?



"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅನ್ನೋ ಗಾದೆ ನಮಗೆಲ್ಲ ಗೊತ್ತು. ಮಾಡಿದ್ದನ್ನು ಅನುಭವಿಸಲೇಬೇಕು ಅನ್ನೋ ಅರ್ಥದಲ್ಲಿ ಮನೆಯ ಹಿರಿಯರು ಹೇಳ್ತಾರೆ. ಆದರೆ ಸಮುದ್ರದ ಮೀನಿನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಕ್ಲೌನ್ ಫಿಶ್‌ನಂಥ ಮೂಳೆಮೀನುಗಳ ರಕ್ತದಲ್ಲಿರುವ ಉಪ್ಪು, ಸುತ್ತಲಿನ ನೀರಿನ ಉಪ್ಪಿನ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ಆಸ್ಮಾಸಿಸ್‌ನಿಂದ ಅದರ ಮೈಯೊಳಗಿನ ನೀರು ಸದಾ ಹೊರಗೆ ಹೋಗ್ತಾನೇ ಇರುತ್ತದೆ. ಆ ನಷ್ಟ ತುಂಬಿಕೊಳ್ಳಲು ಮೀನು ಉಪ್ಪುನೀರನ್ನೇ ಕುಡಿಯುತ್ತದೆ. ಜೊತೆಗೆ ಒಳಗೆ ಬಂದ ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಈ ಕೆಲಸಕ್ಕೆ ಶಕ್ತಿ ಬೇಕು, ನೀರಿನ ಉಪ್ಪು ಏರಿದಷ್ಟೂ ಕೆಲಸ ಜಾಸ್ತಿ.

ಹವಳ, ನಕ್ಷತ್ರಮೀನು, ಸೀ ಅನಿಮೋನ್‌ಗಳ ಸ್ಥಿತಿ ಇನ್ನೂ ಸೂಕ್ಷ್ಮ. ಅವುಗಳ ಮೈಯೊಳಗಿನ ದ್ರವದ ಉಪ್ಪು ಹೆಚ್ಚುಕಡಿಮೆ ಹೊರಗಿನ ನೀರಿನಷ್ಟೇ ಇರುತ್ತದೆ. ಮೀನಿನ ಹಾಗೆ ಅದನ್ನು ಸರಿದೂಗಿಸಿಕೊಳ್ಳುವ ವ್ಯವಸ್ಥೆ ಅವುಗಳಿಗಿಲ್ಲ. ಹೊರಗಿನ ನೀರು ಬದಲಾದರೆ ಒಳಗಿನದ್ದೂ ಬದಲಾಗುತ್ತದೆ.

ಅದಕ್ಕೇ ಉಪ್ಪುನೀರಿನ ಅಕ್ವೇರಿಯಂ ಇಡುವವರು ಮೊದಲು ಕಲಿಯಬೇಕಾದದ್ದು ಲವಣಾಂಶ ಅಳೆಯೋದು. ಕೇಳೋಕೆ ತುಂಬ ಸುಲಭ ಅನ್ನಿಸುತ್ತೆ. ಒಂದು ಸಾಧನ ತಗೊಂಡು, ನೀರಿಗೆ ಹಾಕಿ, ನಂಬರ್ ಓದಿದರೆ ಆಯ್ತಲ್ವಾ? ಆ ನಂಬರನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಅನ್ನೋದೇ ಈ ಲೇಖನದ ವಿಷಯ. ಟ್ಯಾಂಕ್ ಇಡುವ ಯೋಚನೆ ಇಲ್ಲದವರೂ ಓದಿ. ನಾವು ಮೆಷರ್‌ಮೆಂಟ್ ಲ್ಯಾಬಿನಲ್ಲಿ ರೆಕಾರ್ಡ್ ತುಂಬಿಸಲು ಬರೆಯುವ "ಕ್ಯಾಲಿಬ್ರೇಷನ್" ಅನ್ನೋ ಪದಕ್ಕೆ ಇಲ್ಲಿ ಜೀವಗಳ ಲೆಕ್ಕ ಇದೆ.

35 ಅಂದರೆ ಏನು?

ತೆರೆದ ಸಾಗರದ ಒಂದು ಕೆಜಿ ನೀರಿನಲ್ಲಿ ಸರಾಸರಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಇದನ್ನೇ ಸಾವಿರಕ್ಕೆ 35, ಅಥವಾ 35 ಪಿಪಿಟಿ ಅಂತಾರೆ. ಹವಳ ಇರುವ ಟ್ಯಾಂಕಿಗೆ ಸಾಮಾನ್ಯವಾಗಿ ಗುರಿ ಇಟ್ಟುಕೊಳ್ಳೋದು ಇದೇ 35.

"ಉಪ್ಪು" ಅಂದ ತಕ್ಷಣ ಅಡುಗೆಮನೆಯ ಡಬ್ಬಿ ನೆನಪಾಗಬಹುದು. ಆದರೆ ಸಮುದ್ರದ ಉಪ್ಪು ಬರೀ ಸೋಡಿಯಂ ಕ್ಲೋರೈಡ್ ಅಲ್ಲ. ಒಂದು ಕೆಜಿ ನೀರಿನಲ್ಲಿ ಕ್ಲೋರೈಡ್ ಸುಮಾರು 19.35 ಗ್ರಾಂ, ಸೋಡಿಯಂ 10.78, ಸಲ್ಫೇಟ್ 2.71, ಮೆಗ್ನೀಸಿಯಂ 1.28, ಕ್ಯಾಲ್ಸಿಯಂ 0.41, ಪೊಟ್ಯಾಸಿಯಂ 0.40 ಗ್ರಾಂ ಇರುತ್ತವೆ. ಉಳಿದವು ಇನ್ನೂ ಕಡಿಮೆ. ಹವಳ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳೋದು ಇದರಲ್ಲಿರುವ ಕ್ಯಾಲ್ಸಿಯಂನಿಂದ. ಆದ್ದರಿಂದ ಟ್ಯಾಂಕಿಗೆ ಅಡುಗೆ ಉಪ್ಪು ಹಾಕೋ ಹಾಗಿಲ್ಲ, ಸಮುದ್ರದ ಅಯಾನುಗಳೆಲ್ಲ ಇರುವ ಸಾಲ್ಟ್ ಮಿಕ್ಸ್ ಬೇಕು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

"ಮಂಗಳೂರಿಗೆ ಹೋದಾಗ ಪಣಂಬೂರಿನಿಂದ ಒಂದು ಕ್ಯಾನ್ ಸಮುದ್ರದ ನೀರು ತಂದರೆ ಅದೇ 35 ಅಲ್ವಾ?" ಅಂತ ಕೇಳಬಹುದು. ಅಲ್ಲ. ಹತ್ತಿರದಲ್ಲೇ ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿಗೆ ಸಿಹಿನೀರು ಬೆರೆತು ಲವಣಾಂಶ ಇಳಿಯುತ್ತದೆ. ಸಮುದ್ರದಿಂದ ಬಂತು ಅಂದ ಮಾತ್ರಕ್ಕೆ ಅಳತೆ ತಪ್ಪಲ್ಲ.

ಕುದಿಸಿ ತೂಕ ಹಾಕಬಾರದಾ?

ಅತ್ಯಂತ ನೇರವಾದ ದಾರಿ: ಒಂದು ಕೆಜಿ ನೀರು ತಗೊಂಡು, ಪೂರ್ತಿ ಆವಿ ಮಾಡಿ, ಉಳಿದ ಉಪ್ಪನ್ನು ತೂಗೋದು. ಕಾಗದದ ಮೇಲೆ ಚೆನ್ನಾಗಿದೆ, ಮಾಡೋಕೆ ಹೋದರೆ ಕೆಡುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಜೋರಾಗಿ ಕಾಯಿಸಿದರೆ ಒಡೆದು ಹೈಡ್ರೋಜನ್ ಕ್ಲೋರೈಡ್ ಆಗಿ ಸ್ವಲ್ಪ ಕ್ಲೋರೈಡ್ ಹಾರಿಹೋಗುತ್ತದೆ. ಬೈಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕೊನೆಗೆ ತಕ್ಕಡಿಯಲ್ಲಿ ಇರೋದು ಮೊದಲು ಕರಗಿದ್ದ ಉಪ್ಪಲ್ಲ.

ಇದಕ್ಕೆ ದಾರಿ ತೋರಿಸಿದ್ದು ಒಂದು ಹಡಗು. ಬ್ರಿಟನ್ನಿನ 'ಚಾಲೆಂಜರ್' 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ವಿಲಿಯಂ ಡಿಟ್ಮಾರ್ ಅನ್ನೋ ರಸಾಯನಶಾಸ್ತ್ರಜ್ಞ ಅವುಗಳಲ್ಲಿ 77 ಮಾದರಿಗಳನ್ನು ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಒಟ್ಟು ಉಪ್ಪು ಜಾಗದಿಂದ ಜಾಗಕ್ಕೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಮುಖ್ಯ ಅಯಾನುಗಳ ಪರಸ್ಪರ ಅನುಪಾತ ಮಾತ್ರ ಬಹುತೇಕ ಒಂದೇ ಅಂತ ಅದರಿಂದ ಗಟ್ಟಿಯಾಯಿತು.

ಇದು ನಮಗೆ ಯಾಕೆ ಮುಖ್ಯ? ಅನುಪಾತ ಸ್ಥಿರವಾಗಿದ್ದರೆ, ಉಪ್ಪಿನ ಜೊತೆ ಬದಲಾಗುವ ಯಾವುದಾದರೂ ಒಂದು ಗುಣವನ್ನು ಅಳೆದರೆ ಸಾಕು, ಒಟ್ಟು ಲವಣಾಂಶವನ್ನು ಲೆಕ್ಕ ಹಾಕಬಹುದು. ಅಂದರೆ ಅಂಗಡಿಯಲ್ಲಿ ಸಿಗುವ ಯಾವ ಸಾಧನವೂ ಉಪ್ಪನ್ನು ಅಳೆಯಲ್ಲ. ಬೇರೇನನ್ನೋ ಅಳೆದು, ಅದರಿಂದ ಉಪ್ಪು ಎಷ್ಟಿರಬಹುದು ಅಂತ ಹೇಳುತ್ತದೆ. ತಪ್ಪು ನುಸುಳೋದು ಈ "ಅದರಿಂದ" ಅನ್ನೋ ಜಾಗದಲ್ಲೇ.

ಮೂರು ಸಾಧನ, ಮೂರು ಗುಣ

ಮೊದಲನೆಯದು ಹೈಡ್ರೋಮೀಟರ್. ಇದು ಅಳೆಯೋದು ಸಾಂದ್ರತೆ. ಗಾಜಿನ ಕೊಳವೆ ನೀರಿನಲ್ಲಿ ತೇಲುತ್ತದೆ, ನೀರು ಭಾರವಾದಷ್ಟೂ ಮೇಲೆ ನಿಲ್ಲುತ್ತದೆ. ಆರ್ಕಿಮಿಡೀಸ್ ತತ್ವ, ಪಿಯುಸಿಯಲ್ಲಿ ಓದಿದ್ದೇ. ನೀರಿಗೆ ಹೋಲಿಸಿದ ಈ ಸಾಂದ್ರತೆಯನ್ನು ವಿಶಿಷ್ಟ ಗುರುತ್ವ ಅಂತೀವಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ಪಿಪಿಟಿ ನೀರನ್ನು ಅದೇ 25 ಡಿಗ್ರಿಯ ಶುದ್ಧ ನೀರಿಗೆ ಹೋಲಿಸಿದರೆ 1.0264 ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳ್ಳು ತಿರುಗುವ ಇನ್ನೊಂದು ಬಗೆಯ ಹೈಡ್ರೋಮೀಟರ್ ಕೂಡ ಇದೆ. ಆ ಮುಳ್ಳಿಗೆ ಒಂದೆರಡು ಗಾಳಿಗುಳ್ಳೆ ಅಂಟಿದರೆ ರೀಡಿಂಗ್ ಏರುತ್ತದೆ, ಒಣಗಿದ ಉಪ್ಪು ಅಂಟಿದರೆ ಇಳಿಯುತ್ತದೆ.

ಎರಡನೆಯದು ರಿಫ್ರಾಕ್ಟೋಮೀಟರ್. ಪುಟ್ಟ ದುರ್ಬೀನಿನ ಹಾಗಿರುತ್ತದೆ. ಪ್ರಿಸಂ ಮೇಲೆ ಎರಡು ಮೂರು ಹನಿ ನೀರು ಹಾಕಿ, ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆ ಕಾಣುತ್ತದೆ. ಇದು ಅಳೆಯೋದು ವಕ್ರೀಭವನ ಸೂಚ್ಯಂಕ, ಅಂದರೆ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನೋದು. 20 ಡಿಗ್ರಿಯಲ್ಲಿ ಶುದ್ಧ ನೀರಿನದು 1.3330, 35 ಪಿಪಿಟಿ ಸಮುದ್ರದ ನೀರಿನದು 1.3394. ವ್ಯತ್ಯಾಸ ಬರೋದು ಮೂರನೇ ದಶಮಾಂಶ ಸ್ಥಾನದಲ್ಲಿ, ನೋಡಿ!

ಮೂರನೆಯದು ಕಂಡಕ್ಟಿವಿಟಿ ಮೀಟರ್. ಇದು ವಿದ್ಯುತ್ ವಾಹಕತೆ ಅಳೆಯುತ್ತದೆ. 25 ಡಿಗ್ರಿಯಲ್ಲಿ 35 ಪಿಪಿಟಿ ನೀರಿಗೆ ಸೆಂಟಿಮೀಟರಿಗೆ ಸುಮಾರು 53 ಮಿಲಿಸೀಮೆನ್ಸ್. ಆದರೆ ಉಷ್ಣತೆ ಒಂದು ಡಿಗ್ರಿ ಬದಲಾದರೆ ಈ ಸಂಖ್ಯೆ ಸುಮಾರು ಶೇಕಡ 2ರಷ್ಟು ಬದಲಾಗುತ್ತದೆ. 15 ಡಿಗ್ರಿಯಲ್ಲಿ ಅದೇ ನೀರು ಸುಮಾರು 42.9 ಮಾತ್ರ ತೋರಿಸುತ್ತದೆ. ಆದ್ದರಿಂದ ಉಷ್ಣತೆಯನ್ನೂ ಅಳೆದು ಸರಿಪಡಿಸುವ ಮೀಟರ್ ಬೇಕು.

ಇಲ್ಲೊಂದು ಮಾತು. ಹಾಸ್ಟೆಲಿನ ಆರ್‌ಒ ನೀರು ನೋಡಲು ಬಳಸುವ ಟಿಡಿಎಸ್ ಪೆನ್ ಇದಕ್ಕೆ ಆಗಲ್ಲ. ಅಂಥ ಹಲವು ಪೆನ್ನುಗಳ ಮಿತಿ 9,990 ಪಿಪಿಎಂ. ಸಮುದ್ರದ ನೀರು ಅಂದರೆ 35,000 ಪಿಪಿಎಂ. ಅದು ತಕ್ಕಡಿಯ ಮೇಲೆ ಆನೆ ನಿಲ್ಲಿಸಿದ ಹಾಗೆ.

ಒಂದೇ ನೀರು, ಎರಡು ಉತ್ತರ

ಈಗ ಒಂದು ಲೆಕ್ಕ ಮಾಡೋಣ. ಒಂದು ಟ್ಯಾಂಕಿನ ನೀರು ನಿಜವಾಗಿಯೂ 35 ಪಿಪಿಟಿ ಇದೆ, ಉಷ್ಣತೆ 26 ಡಿಗ್ರಿ. ಇಬ್ಬರು ಗೆಳೆಯರು ಅಳೆಯುತ್ತಾರೆ.

ಮೊದಲನೆಯವನ ಕೈಯಲ್ಲಿ ಗಾಜಿನ ಹೈಡ್ರೋಮೀಟರ್ ಇದೆ. ಅದರ ಮೇಲೆ ಸಣ್ಣಕ್ಷರದಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿದೆ. ಅಂದರೆ ಅದು 15.6 ಡಿಗ್ರಿ ಸೆಲ್ಸಿಯಸ್ ನೀರಿಗೆ ಮಾಡಿದ್ದು. 26 ಡಿಗ್ರಿಯ ನೀರು ಹಿಗ್ಗಿ ಹಗುರವಾಗಿರುತ್ತದೆ. ಹಾಗಾಗಿ ಅದು 1.0264ರ ಬದಲು 1.024 ತೋರಿಸುತ್ತದೆ. ಅವನು ಸಣ್ಣಕ್ಷರ ಓದದೆ, ಉಪ್ಪು ಸುಮಾರು 32 ಮಾತ್ರ ಇದೆ ಅಂದುಕೊಂಡು, 1.0264 ಬರೋವರೆಗೂ ಉಪ್ಪು ಸುರಿಯುತ್ತಾನೆ. ನೀರು ಈಗ ಸುಮಾರು 38 ಪಿಪಿಟಿ.

ಎರಡನೆಯವಳ ಕೈಯಲ್ಲಿ ರಿಫ್ರಾಕ್ಟೋಮೀಟರ್ ಇದೆ. ಶುದ್ಧ ನೀರು ಹಾಕಿ ಗೆರೆಯನ್ನು ಸರಿಯಾಗಿ ಸೊನ್ನೆಗೆ ತಂದಿದ್ದಾಳೆ. ಆದರೆ ಅದರ ಸ್ಕೇಲ್ ಇರೋದು ಸಮುದ್ರದ ನೀರಿಗಲ್ಲ, ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ. ಇಂಥವು ಮಾರುಕಟ್ಟೆಯಲ್ಲಿ ತುಂಬ ಇವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಸಮುದ್ರದ ಉಪ್ಪು ಗ್ರಾಂ ಲೆಕ್ಕದಲ್ಲಿ ಸೋಡಿಯಂ ಕ್ಲೋರೈಡ್‌ಗಿಂತ ಸ್ವಲ್ಪ ಹೆಚ್ಚು ಬೆಳಕು ಬಾಗಿಸುತ್ತದೆ. ಆದ್ದರಿಂದ 35ರ ನೀರಿಗೆ ಆ ಸ್ಕೇಲ್ 36.5 ತೋರಿಸುತ್ತದೆ. ಅವಳು ಸಿಹಿನೀರು ಬೆರೆಸಿ 35ಕ್ಕೆ ಇಳಿಸುತ್ತಾಳೆ. ನೀರು ಈಗ ಸುಮಾರು 33.5.

ಒಂದೇ ನೀರು. ಒಬ್ಬ ಉಪ್ಪು ಹಾಕಿದ, ಇನ್ನೊಬ್ಬಳು ನೀರು ಹಾಕಿದಳು. ಇಬ್ಬರ ಸಾಧನವೂ ಕೆಟ್ಟಿಲ್ಲ, ಇಬ್ಬರೂ ಎಚ್ಚರಿಕೆಯಿಂದಲೇ ಓದಿದ್ದಾರೆ. ಎರಡು ರೀಡಿಂಗ್‌ಗಳ ಸರಾಸರಿ ತೆಗೆದರೆ ಸರಿಹೋಗುತ್ತಾ? ಇಲ್ಲ. ಕೈ ನಡುಗಿ ಬರುವ ತಪ್ಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುತ್ತದೆ, ಸರಾಸರಿಯಲ್ಲಿ ಕರಗುತ್ತದೆ. ಆದರೆ ಸಾಧನದೊಳಗೇ ಕೂತಿರುವ ತಪ್ಪು ನೂರು ಸಲ ಅಳೆದರೂ ಅದೇ ದಿಕ್ಕಿನಲ್ಲಿರುತ್ತದೆ. ಮತ್ತೆ ಮತ್ತೆ ಅದೇ ನಂಬರ್ ಬಂತು ಅನ್ನೋದು ಸಾಧನ ಸ್ಥಿರವಾಗಿದೆ ಅನ್ನೋದಕ್ಕೆ ಸಾಕ್ಷಿ, ಸರಿಯಾಗಿದೆ ಅನ್ನೋದಕ್ಕಲ್ಲ.

ಸೊನ್ನೆಯಲ್ಲಿ ಸರಿ, 35ರಲ್ಲಿ ತಪ್ಪು

ಎರಡನೆಯವಳು ಸೊನ್ನೆ ಸರಿಮಾಡಿದ್ದಳಲ್ಲ, ಆದರೂ ಯಾಕೆ ತಪ್ಪಾಯ್ತು? ನಮ್ಮ ಹಳೇ ಗೆಳೆಯ ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ ಇಲ್ಲಿ ಸಹಾಯಕ್ಕೆ ಬರುತ್ತಾನೆ.

ಎಕ್ಸ್ ಅಂದರೆ ನಿಜವಾದ ಲವಣಾಂಶ, ವೈ ಅಂದರೆ ಸಾಧನ ತೋರಿಸುವ ನಂಬರ್. ಸಾಧನ ಸರಿ ಇದ್ದರೆ ಎಂ 1, ಸಿ ಸೊನ್ನೆ. ಶುದ್ಧ ನೀರು ಹಾಕಿ ಸ್ಕ್ರೂ ತಿರುಗಿಸಿದಾಗ ನಾವು ಸರಿಮಾಡೋದು ಸಿ ಮಾತ್ರ. ಇಳಿಜಾರು, ಅಂದರೆ ಎಂ, ತಪ್ಪಾಗಿದ್ದರೆ ಅದು ಹಾಗೇ ಉಳಿಯುತ್ತದೆ. ಅವಳ ಸಾಧನದಲ್ಲಿ ಎಂ ಸುಮಾರು 1.04. ಸೊನ್ನೆಯಲ್ಲಿ ತಪ್ಪು ಸೊನ್ನೆ, 35ರಲ್ಲಿ ತಪ್ಪು 1.5.

ಈಗ ಅದೇ ಸ್ಕ್ರೂವನ್ನು 35 ಅಂತ ಖಚಿತವಾಗಿ ಗೊತ್ತಿರುವ ದ್ರವ ಹಾಕಿ, 35ಕ್ಕೆ ತಿರುಗಿಸಿ. ಎಂ ಇನ್ನೂ ತಪ್ಪೇ ಇದೆ. ಆದರೆ 35ರಲ್ಲಿ ತಪ್ಪು ಸೊನ್ನೆ. 34ರಲ್ಲೋ 36ರಲ್ಲೋ ತಪ್ಪು ಬರೀ 0.04. ಈಗ ಶುದ್ಧ ನೀರು ಹಾಕಿದರೆ ಗೆರೆ ಸೊನ್ನೆಗಿಂತ ಒಂದೂವರೆ ಕೆಳಗೆ ಹೋಗುತ್ತದೆ. ಹೋಗಲಿ ಬಿಡಿ, ನಾವು ಯಾರೂ ಶುದ್ಧ ನೀರಿನಲ್ಲಿ ಹವಳ ಸಾಕ್ತಿಲ್ಲವಲ್ಲ!

ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ: ಎಲ್ಲಿ ಅಳೆಯಬೇಕೋ ಅಲ್ಲೇ ಸರಿಮಾಡಿ.

ಸ್ಟ್ಯಾಂಡರ್ಡ್ ನೀವೇ ಮಾಡಿಕೊಳ್ಳಿ

35 ಪಿಪಿಟಿ ಸ್ಟ್ಯಾಂಡರ್ಡ್ ದ್ರವ ಬಾಟಲಿಯಲ್ಲಿ ಸಿಗುತ್ತದೆ. ರಿಫ್ರಾಕ್ಟೋಮೀಟರಿಗಾದರೆ ನಾವೇ ಮಾಡಿಕೊಳ್ಳಬಹುದು. ಮೇಲೆ ನೋಡಿದ್ದನ್ನೇ ತಿರುಗಿಸಿ ಹೇಳಿದರೆ, ತೂಕದಲ್ಲಿ ಶೇಕಡ 3.65 ಸೋಡಿಯಂ ಕ್ಲೋರೈಡ್ ಇರುವ ದ್ರಾವಣ, 35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕು ಬಾಗಿಸುತ್ತದೆ. ಅಂದರೆ 36.5 ಗ್ರಾಂ ಒಣ ಸೋಡಿಯಂ ಕ್ಲೋರೈಡ್, 963.5 ಗ್ರಾಂ ಡಿಸ್ಟಿಲ್ಡ್ ನೀರು. ಗಮನಿಸಿ, ಎರಡೂ ತೂಕದಲ್ಲಿ. ನೀರನ್ನು ಒಂದು ಲೀಟರ್ ಅಂತ ಅಳತೆ ಜಾರಿನಲ್ಲಿ ಹಾಕಬೇಡಿ.

ಎಷ್ಟು ನಿಖರವಾದ ತಕ್ಕಡಿ ಬೇಕು? ಅಡುಗೆಮನೆಯ ಡಿಜಿಟಲ್ ತಕ್ಕಡಿ 1 ಗ್ರಾಂ ಹೆಚ್ಚುಕಡಿಮೆ ತೋರಿಸಬಹುದು ಅಂತಿಟ್ಟುಕೊಳ್ಳಿ. 36.5ರಲ್ಲಿ 1 ಗ್ರಾಂ ಅಂದರೆ ಶೇಕಡ 2.7. ಆಗ ನಿಮ್ಮ ಸ್ಟ್ಯಾಂಡರ್ಡೇ ಹತ್ತಿರ ಹತ್ತಿರ 1 ಪಿಪಿಟಿ ತಪ್ಪು. 73 ಗ್ರಾಂ ಉಪ್ಪು, 1,927 ಗ್ರಾಂ ನೀರು ತಗೊಂಡರೆ ಆ ತಪ್ಪು ಅರ್ಧವಾಗುತ್ತದೆ. ಕೆಮಿಸ್ಟ್ರಿ ಲ್ಯಾಬಿನ 0.01 ಗ್ರಾಂ ತಕ್ಕಡಿ ಸಿಕ್ಕರಂತೂ ಚಿಂತೆಯೇ ಇಲ್ಲ. ಲ್ಯಾಬಿನ ಸರ್ ಅಥವಾ ಮೇಡಂ ಹತ್ತಿರ ಕೇಳಿ ನೋಡಿ, ಯಾಕೆ ಬೇಕು ಅಂತ ಹೇಳಿದರೆ ಖುಷಿಯಿಂದಲೇ ಕೊಟ್ಟಾರು.

ಎರಡು ಎಚ್ಚರಿಕೆ. ಒಂದು, ಈ ದ್ರಾವಣ ರಿಫ್ರಾಕ್ಟೋಮೀಟರಿಗೆ ಮಾತ್ರ. ಬೆಳಕು ಬಾಗಿಸೋದರಲ್ಲಿ ಸಮುದ್ರದ ನೀರಿಗೆ ಸಮ ಅಂದರೆ ವಿದ್ಯುತ್ ಹರಿಸೋದರಲ್ಲೂ ಸಮ ಅಂತ ಅರ್ಥವಲ್ಲ. ಕಂಡಕ್ಟಿವಿಟಿ ಮೀಟರಿಗೆ 53 ಮಿಲಿಸೀಮೆನ್ಸ್ ಅಂತ ಬರೆದಿರುವ ಸ್ಟ್ಯಾಂಡರ್ಡನ್ನೇ ತರಬೇಕು. ಎರಡು, ಮುಚ್ಚಳ ಬಿಗಿಯಾಗಿರಲಿ, ಬಾಟಲಿ ಮೇಲೆ ತಾರೀಖು ಬರೆಯಿರಿ. ಶೇಕಡ 2ರಷ್ಟು ನೀರು ಆವಿಯಾದರೂ 35 ಇದ್ದದ್ದು 35.7 ಆಗುತ್ತದೆ. ಆಮೇಲೆ ಅದರಿಂದ ಸರಿಮಾಡಿದ ಸಾಧನವೆಲ್ಲ ಅಷ್ಟೇ ತಪ್ಪು ಹೇಳುತ್ತದೆ.

ಹೊಸ ಟ್ಯಾಂಕಿನಲ್ಲಿ ಹಂತ ಹಂತವಾಗಿ

1. ಆರ್‌ಒ ನೀರಿಗೆ ಸಾಲ್ಟ್ ಮಿಕ್ಸ್ ಹಾಕಿ, ಪಂಪ್ ಓಡಿಸಿ, ಟ್ಯಾಂಕಿನ ಉಷ್ಣತೆಗೆ ತನ್ನಿ. ತಕ್ಷಣ ಅಳೆಯಬೇಡಿ, ಒಂದು ರಾತ್ರಿ ಬಿಡಿ. ತಳದಲ್ಲಿ ಕರಗದೆ ಕೂತ ಉಪ್ಪು ರೀಡಿಂಗ್‌ನಲ್ಲಿ ಬರೋದಿಲ್ಲ.

2. ಪ್ಯಾಕೆಟ್ ಮೇಲಿನ "ಲೀಟರಿಗೆ ಇಷ್ಟು ಗ್ರಾಂ" ಅನ್ನೋದು ಆರಂಭಕ್ಕೆ ಮಾತ್ರ. ಸಾಲ್ಟ್ ಮಿಕ್ಸ್ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಟ್ಯಾಂಕಿನ ಲೆಕ್ಕವೂ ಹಾಗೇ: 90, 45, 45 ಸೆಂಟಿಮೀಟರ್ ಗುಣಿಸಿದರೆ 182 ಲೀಟರ್ ಬರುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಅದಕ್ಕಿಂತ ಸಾಕಷ್ಟು ಕಡಿಮೆ. ಎಷ್ಟು ಲೀಟರ್ ಸುರಿದಿರಿ ಅಂತ ಬಕೆಟ್ ಎಣಿಸಿ ಬರೆದಿಡಿ.

3. ಸಾಧನವನ್ನು 35ರ ಸ್ಟ್ಯಾಂಡರ್ಡಿನಲ್ಲಿ ಸರಿಮಾಡಿ. ಸ್ಟ್ಯಾಂಡರ್ಡ್ ಬಾಟಲಿ, ಸಾಧನ ಎರಡೂ ಕೋಣೆಯ ಉಷ್ಣತೆಯಲ್ಲಿರಲಿ.

4. ರಿಫ್ರಾಕ್ಟೋಮೀಟರಿನಲ್ಲಿ ಹನಿ ಹಾಕಿ ಅರ್ಧ ನಿಮಿಷ ಕಾಯಿರಿ, ಹನಿ ಪ್ರಿಸಂನ ಉಷ್ಣತೆಗೆ ಬರಬೇಕು. ಮೂರು ಸಲ ಅಳೆಯಿರಿ. ಪ್ರತಿ ಸಲ ಶುದ್ಧ ನೀರಿನಲ್ಲಿ ತೊಳೆದು ಒರೆಸಿ.

5. ಸರಿಪಡಿಸೋಕೆ ಮೊದಲು ಲೆಕ್ಕ, ಆಮೇಲೆ ಕೈ. 150 ಲೀಟರ್ ನೀರು 33 ಇದ್ದರೆ 35ಕ್ಕೆ ಏರಿಸಲು ಸುಮಾರು 300 ಗ್ರಾಂ ಉಪ್ಪು ಬೇಕು. 38 ಇದ್ದರೆ ಸುಮಾರು 12 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಬೇಕು. ಅರ್ಧ ಮಾಡಿ, ಅಳೆದು, ಉಳಿದರ್ಧ ಮಾಡಿ. ಜೀವಿಗಳು ಬಂದ ಮೇಲಾದರೆ ಉಪ್ಪನ್ನು ನೇರ ಟ್ಯಾಂಕಿಗೆ ಸುರಿಯಲೇಬಾರದು, ಬೇರೆ ಬಕೆಟ್ಟಿನಲ್ಲಿ ಕರಗಿಸಿ ಹಾಕಬೇಕು. ದಿನಕ್ಕೆ 1 ಪಿಪಿಟಿಗಿಂತ ಹೆಚ್ಚು ಬದಲಿಸದಿದ್ದರೆ ಒಳ್ಳೆಯದು.

6. ಆವಿಯಾದ ನೀರಿಗೆ ಸಿಹಿನೀರನ್ನೇ ತುಂಬಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. 100 ಲೀಟರಿನ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಹೋದರೆ ಒಂದೇ ದಿನದಲ್ಲಿ 35 ಇದ್ದದ್ದು 35.7. ಐದು ದಿನ ಊರಿಗೆ ಹೋಗಿ ಬಂದರೆ 38.9. ಇಂಟರ್ನಲ್ಸ್ ಮುಗಿಸಿ ಮನೆಗೆ ಹೋಗುವವರು ಇದನ್ನು ಮರೆಯಬಾರದು. ಗಾಜಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದು, "ದಿನಾ ಈ ಗೆರೆಯವರೆಗೆ ಆರ್‌ಒ ನೀರು ಹಾಕಮ್ಮ" ಅಂತ ಹೇಳಿ ಹೋದರೂ ಸಾಕು. ಇಷ್ಟು ಸರಳ ಲೆವೆಲ್ ಕಂಟ್ರೋಲ್ ಬೇರೆ ಇಲ್ಲ.

7. ರೀಡಿಂಗ್, ಉಷ್ಣತೆ, ತಾರೀಖು, ಕೊನೆಯ ಸಲ ಸ್ಟ್ಯಾಂಡರ್ಡಿಗೆ ಹೋಲಿಸಿದ ದಿನ, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಸಾಧನವನ್ನು ಸ್ಟ್ಯಾಂಡರ್ಡಿಗೆ ಹೋಲಿಸಿ.

ನಮಗ್ಯಾಕೆ ಇದೆಲ್ಲ?

ಲ್ಯಾಬಿನಲ್ಲಿ ಮಲ್ಟಿಮೀಟರ್ 4.98 ತೋರಿಸಿದರೆ ನಾವು 4.98 ಅಂತ ಬರೆದು ಸಹಿ ಹಾಕಿಸಿಕೊಂಡು ಬರ್ತೀವಿ. ಆ ಮೀಟರನ್ನು ಕೊನೆಯ ಸಲ ಯಾವುದಕ್ಕೆ, ಯಾವ ರೇಂಜಿನಲ್ಲಿ ಹೋಲಿಸಿದ್ದರು ಅಂತ ಕೇಳೋದಿಲ್ಲ. ಯಾಕಂದರೆ ತಪ್ಪಾದರೂ ಅಲ್ಲಿ ಏನೂ ಸಾಯೋದಿಲ್ಲ. ಎರಡು ವರ್ಷ ಬಿಟ್ಟರೆ ನಮ್ಮಲ್ಲಿ ಯಾರೋ ಆಸ್ಪತ್ರೆಯ ಉಪಕರಣ ಮಾಡ್ತಾರೆ, ಯಾರೋ ಬಾಯ್ಲರಿನ ಪ್ರೆಷರ್ ಗೇಜ್ ನೋಡ್ತಾರೆ. ಅಲ್ಲೂ ಇದೇ ಪ್ರಶ್ನೆ: ಸೊನ್ನೆಯಲ್ಲಿ ಸರಿ ಇದೆಯಾ, ಅಥವಾ ಕೆಲಸ ನಡೆಯುವ ಜಾಗದಲ್ಲಿ ಸರಿ ಇದೆಯಾ?

ಮೀನು ನೀರಿನ ಬಗ್ಗೆ ದೂರು ಹೇಳಲ್ಲ. ಅದರ ಪರವಾಗಿ ಮಾತಾಡೋದು ನಮ್ಮ ಸಾಧನ ಒಂದೇ. ಅದು ನಿಜ ಹೇಳ್ತಿದೆಯಾ ಅಂತ ನೋಡಿಕೊಳ್ಳೋ ಕೆಲಸ ನಮ್ಮದು.

ನಿಮ್ಮ ಮನೆಯಲ್ಲೋ ಗೆಳೆಯರ ಮನೆಯಲ್ಲೋ ರಿಫ್ರಾಕ್ಟೋಮೀಟರ್ ಇದ್ದರೆ, 3.65ರ ದ್ರಾವಣ ಮಾಡಿ ಒಮ್ಮೆ ನೋಡಿ. ಗೆರೆ ಎಲ್ಲಿ ನಿಂತಿತು ಅಂತ ಕ್ಲಬ್ಬಿನ ಮುಂದಿನ ಭೇಟಿಯಲ್ಲಿ ಹೇಳಿ, ಎಲ್ಲರ ಉತ್ತರ ಒಟ್ಟಿಗೆ ಇಟ್ಟು ನೋಡೋಣ.